ಗುಟ್ಟು ಕಾಪಾಡದೇ ಇದ್ದದ್ದು ತಪ್ಪಾ?

ಪ್ರಶ್ನೆ: ನಾನು ದಾವಣಗೆರೆಯವಳು. ಅಮೆರಿಕದ ಒಂದು ವಿಶ್ವವಿದ್ಯಾಲಯದಲ್ಲಿ ಪದವಿಯ ಮೂರನೇ ವರ್ಷ ಓದುತ್ತಿದ್ದೇನೆ. ಇಲ್ಲಿನ ಹಾಸ್ಟೆಲ್‌ನಲ್ಲಿ ಆರ್‌ಎ, ಅಂದರೆ ರೆಸಿಡೆಂಟ್ ಅಸಿಸ್ಟೆಂಟ್ ಕೆಲಸ ಮಾಡುತ್ತೇನೆ. ಒಂದು ಮಹಡಿಯ ಮೊದಲ ವರ್ಷದ ಹುಡುಗಿಯರ ಜವಾಬ್ದಾರಿ ನನ್ನದು. ಅದಕ್ಕೆ ರೂಮು, ಊಟ ಉಚಿತ. ಅಪ್ಪ ಸಾಲ ಮಾಡಿ ಕಳಿಸಿದ್ದಾರೆ, ಹಾಗಾಗಿ ಇದು ದೊಡ್ಡ ಆಸರೆ. ಮಹಡಿಯಲ್ಲಿ ಒಬ್ಬಳು ಕನ್ನಡದ ಹುಡುಗಿ ಇದ್ದಾಳೆ, ನನ್ನನ್ನು ಅಕ್ಕಾ ಎಂದೇ ಕರೆಯುತ್ತಿದ್ದಳು. ಒಂದು ರಾತ್ರಿ ಬಂದು ‘ಬದುಕೋದೇ ಬೇಡ ಅನ್ನಿಸ್ತಿದೆ, ಯಾರಿಗೂ ಹೇಳಬೇಡಕ್ಕಾ’ ಅಂದಳು. ನಾನು ನಿಯಮದಂತೆ ಮೇಲಿನವರಿಗೆ ತಿಳಿಸಿದೆ. ಈಗ ಅವಳು ನನ್ನ ಮುಖ ನೋಡುವುದಿಲ್ಲ. ನನಗೆ ನಿದ್ದೆ ಬರುತ್ತಿಲ್ಲ. ಮುಂದಿನ ವರ್ಷವೂ ಮುಂದುವರಿಯುತ್ತೀಯಾ ಎಂದು ಕೇಳಿದ್ದಾರೆ. ಬಿಟ್ಟುಬಿಡಲಾ?

ಉತ್ತರ: ನೀವು ಮಾಡಿದ್ದು ಸರಿ. ಅವಳು ಇವತ್ತು ನಿಮ್ಮ ಮೇಲೆ ಸಿಟ್ಟಾಗಿದ್ದಾಳೆ ಅಂದರೆ ಸಿಟ್ಟಾಗಲು ಬದುಕಿದ್ದಾಳೆ. ಸುಮ್ಮನಿದ್ದಿದ್ದರೆ ಒಂದು ಜೀವವನ್ನು ಕಾಯುವ ಕೆಲಸ ಪೂರ್ತಿ ನಿಮ್ಮೊಬ್ಬರ ತಲೆ ಮೇಲೆ ಬೀಳುತ್ತಿತ್ತು. ನೀವೂ ಇನ್ನೂ ಓದುವ ಹುಡುಗಿಯೇ ಅಲ್ವಾ?

ನಿಮಗೆ ಚುಚ್ಚುತ್ತಿರುವುದು ಅವಳು ಅಕ್ಕಾ ಅಂದದ್ದು. ನಮ್ಮ ಕಡೆ ಅಕ್ಕ ಆದವಳು ತಂಗಿಯ ಗುಟ್ಟು ಬಿಟ್ಟುಕೊಡುವುದಿಲ್ಲ. ಆದರೆ ಅಮೆರಿಕದ ಬಹುತೇಕ ಕಾಲೇಜುಗಳಲ್ಲಿ ಪ್ರಾಣಾಪಾಯ, ಲೈಂಗಿಕ ದೌರ್ಜನ್ಯದಂಥ ಮಾತು ಕಿವಿಗೆ ಬಿದ್ದರೆ ಆರ್‌ಎ ಮೇಲಕ್ಕೆ ತಿಳಿಸಲೇಬೇಕು. ಇದು ಅವಳಿಗೆ ಮೊದಲೇ ಗೊತ್ತಿರಲಿಲ್ಲ ಅನ್ನಿಸುತ್ತದೆ. ಇನ್ನು ಮುಂದೆ ಯಾರಾದರೂ ‘ಯಾರಿಗೂ ಹೇಳಬೇಡ’ ಎಂದು ಶುರು ಮಾಡಿದರೆ ಅಲ್ಲೇ ತಡೆಯಿರಿ. ‘ನಿನಗೆ ಅಪಾಯ ಇದೆ ಅನ್ನಿಸಿದರೆ ನಾನು ಹೇಳಲೇಬೇಕಾಗುತ್ತೆ. ಗುಟ್ಟಾಗಿ ಮಾತಾಡಬೇಕು ಅಂದ್ರೆ ಕೌನ್ಸೆಲಿಂಗ್ ಸೆಂಟರ್‌ಗೆ ಹೋಗೋಣ, ನಾನೂ ಜೊತೆಗೆ ಬರ್ತೀನಿ’ ಅನ್ನಿ. ರಾತ್ರಿ ಹೊತ್ತು 988ಕ್ಕೆ ಕರೆ ಅಥವಾ ಮೆಸೇಜ್ ಮಾಡಬಹುದು ಎಂದೂ ಹೇಳಿ. ಆತ್ಮಹತ್ಯೆಯ ಯೋಚನೆ ಬಂದವರಿಗಾಗಿ 2022ರಿಂದ ಅಮೆರಿಕದಾದ್ಯಂತ ಇರುವ ಸಂಖ್ಯೆ ಅದು.

ಆ ಹುಡುಗಿಯ ಬಾಗಿಲು ಒಂದು ಸಲ ತಟ್ಟಿ. ‘ನಿನಗೆ ನೋವಾಗಿದೆ, ಗೊತ್ತು. ಮತ್ತೆ ಅಂಥ ರಾತ್ರಿ ಬಂದರೂ ನಾನು ಹೇಳ್ತೀನಿ, ಯಾಕಂದ್ರೆ ನೀನು ಇರಬೇಕು’ ಎಂದು ಹೇಳಿ ಬನ್ನಿ. ಮತ್ತೆ ಮತ್ತೆ ಹಿಂದೆ ಬೀಳಬೇಡಿ. ಒಂದು ವಿಷಯ ಮಾತ್ರ ಗಟ್ಟಿಯಾಗಿ ನೆನಪಿಡಿ: ಅಲ್ಲಿನ ಕನ್ನಡದ ಗೆಳೆಯರ ಬಳಗದಲ್ಲಿ ಇದು ಒಂದಕ್ಷರವೂ ಹೊರಬರಬಾರದು. ಊರಿನಿಂದ ಅವಳ ತಾಯಿಯೇ ಫೋನ್ ಮಾಡಿ ‘ಏನಮ್ಮಾ ಆಯ್ತು’ ಎಂದರೂ ಹಾಸ್ಟೆಲ್ ಅಧಿಕಾರಿಗಳ ಕಡೆ ಕಳಿಸಿ. ಅವಳ ನಂಬಿಕೆ ವಾಪಸ್ ಬರುವ ದಾರಿ ಇದ್ದರೆ ಇದೊಂದೇ.

ಇನ್ನು ನಿಮ್ಮ ನಿದ್ದೆ. ನಿಮ್ಮ ಮೇಲಿನ ಹಾಲ್ ಡೈರೆಕ್ಟರ್‌ಗೆ ಈ ವಾರವೇ ಹೇಳಿ. ಆ ಕೌನ್ಸೆಲಿಂಗ್ ಸೆಂಟರ್ ನಿಮಗೂ ಇದೆ. ರಾತ್ರಿ ಎರಡಕ್ಕೆ ಕೀ ಮರೆತವರಿಗೆ ಬಾಗಿಲು ತೆಗೆಯುವುದು, ರೂಮ್‌ಮೇಟ್ ಜಗಳ ಬಿಡಿಸುವುದು, ಬೆಳಿಗ್ಗೆ ಎದ್ದು ಪರೀಕ್ಷೆಗೆ ಓಡುವುದು, ಇದು ಹಗುರವಾದ ಕೆಲಸವಲ್ಲ. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್ ಕ್ಯಾಂಪಸ್‌ನ ಆರ್‌ಎಗಳು 2002ರಲ್ಲೇ ಮತ ಹಾಕಿ ಕಾರ್ಮಿಕ ಸಂಘ ಕಟ್ಟಿಕೊಂಡರು. ದಣಿದಿದ್ದೇನೆ ಅನ್ನಲು ನಾಚಿಕೆ ಬೇಡ.

ಖುಷಿಯೂ ಅಷ್ಟೇ ನಿಜ. ಆಗಸ್ಟ್‌ನಲ್ಲಿ ಅಳುತ್ತಾ ಬಂದ ಹುಡುಗಿ ದೀಪಾವಳಿ ಹೊತ್ತಿಗೆ ಇನ್ನೊಬ್ಬಳಿಗೆ ದಾರಿ ತೋರಿಸುತ್ತಾ ಓಡಾಡುವುದನ್ನು ನೀವೂ ನೋಡಿರುತ್ತೀರಿ. ಅದರಲ್ಲಿ ನಿಮ್ಮ ಪಾಲಿದೆ.

ವರ್ಷದ ನಡುವೆ ಬಿಡಬೇಡಿ. ಕೆಲಸದ ಜೊತೆ ರೂಮೂ ಹೋಗುತ್ತದೆ. ಮುಂದಿನ ವರ್ಷ ಮಾಡುವುದಾದರೆ ಮೊದಲ ವರ್ಷದವರ ಕಟ್ಟಡ ಬೇಡ, ಹಿರಿಯ ವಿದ್ಯಾರ್ಥಿಗಳ ಅಪಾರ್ಟ್‌ಮೆಂಟ್ ಕೊಡಿ ಎಂದು ಕೇಳಿ. ಅಲ್ಲಿ ಇಂಥ ರಾತ್ರಿಗಳು ಸಾಮಾನ್ಯವಾಗಿ ಕಡಿಮೆ. ಕೊಡುವುದಿಲ್ಲ ಅಂದರೆ, ನಿದ್ದೆಯೂ ಸರಿಹೋಗದಿದ್ದರೆ, ಬಿಡಿ. ಬೇರೆ ಕೆಲಸ ಹುಡುಕುವಾಗ ಎಫ್-1 ವೀಸಾದಲ್ಲಿ, ಅಂದರೆ ವಿದ್ಯಾರ್ಥಿ ವೀಸಾದಲ್ಲಿ, ತರಗತಿಗಳು ನಡೆಯುವ ದಿನಗಳಲ್ಲಿ ಕ್ಯಾಂಪಸ್ ಕೆಲಸ ವಾರಕ್ಕೆ 20 ಗಂಟೆ ಮೀರಬಾರದು ಎಂಬುದು ನೆನಪಿರಲಿ. ಮೂರ್ನಾಲ್ಕು ಜನ ಸೇರಿ ಮನೆ ಮಾಡಿದರೆ ಬಾಡಿಗೆ, ಊಟಕ್ಕೆ ಎಷ್ಟಾಗುತ್ತದೆ ಎಂದು ಇವತ್ತೇ ಬರೆದು ಲೆಕ್ಕ ಹಾಕಿ. ಆ ಲೆಕ್ಕ ಇಟ್ಟುಕೊಂಡು ಅಪ್ಪನಿಗೆ ಫೋನ್ ಮಾಡಿ. ಅವಳ ಹೆಸರು ಎತ್ತಬೇಡಿ, ಆದರೆ ನಿಮಗೆ ನಿದ್ದೆ ಬರುತ್ತಿಲ್ಲ ಎಂಬುದನ್ನು ಮುಚ್ಚಿಡಬೇಡಿ.