ಸಂಪಾದಕರ ಉತ್ತರ: ನ್ಯೂಯಾರ್ಕಿನ ಲಾಟರಿ ಮನೆಗೆ ಯಾವ ಸಂಬಳ ಬರೆಯಬೇಕು?

ಕ್ವೀನ್ಸ್‌ನ ಓದುಗರೊಬ್ಬರ ಪತ್ರ: ‘ನಾವು ಗಂಡ ಹೆಂಡತಿ, ಇಬ್ಬರು ಮಕ್ಕಳು ಒಂದು ಬೇಸ್‌ಮೆಂಟ್ ಮನೆಯಲ್ಲಿ ಬಾಡಿಗೆಗಿದ್ದೇವೆ. ಬಾಡಿಗೆ ನಗದಾಗಿ ಕೊಡುತ್ತೇವೆ. ನಮ್ಮತ್ತೆ ವಿಸಿಟರ್ ವೀಸಾದಲ್ಲಿ ಬಂದು ಕೆಲವು ತಿಂಗಳು ಇದ್ದು ಹೋಗುತ್ತಾರೆ. ನಮ್ಮವರಿಗೆ ಫಾರ್ಮಸಿಯಲ್ಲಿ ಗಂಟೆಗೆ 23 ಡಾಲರ್, ವಾರಕ್ಕೆ 40 ಗಂಟೆ. ನನಗೆ ಡೇ ಕೇರ್‌ನಲ್ಲಿ 18 ಡಾಲರ್, 25 ಗಂಟೆ. ಕೈಗೆ ಸಿಗುವುದು ವರ್ಷಕ್ಕೆ 58,000 ಡಾಲರ್ ಆಸುಪಾಸು, ಅರ್ಜಿಯಲ್ಲಿ ಅದನ್ನೇ ಬರೆದಿದ್ದೇವೆ. ಹೋದ ವರ್ಷದಿಂದ ಕಡಿಮೆ ಬಾಡಿಗೆಯ ಮನೆಗಳ ಸಿಟಿ ಲಾಟರಿಗೆ ಅರ್ಜಿ ಹಾಕುತ್ತಲೇ ಇದ್ದೇವೆ, ಒಂದಕ್ಕೂ ಕರೆ ಇಲ್ಲ. ಪರಿಚಯದವರೊಬ್ಬರು 500 ಡಾಲರ್ ಕೊಟ್ಟರೆ ನಂಬರ್ ಮುಂದೆ ತರಿಸುತ್ತೇನೆ ಅನ್ನುತ್ತಾರೆ. ಇಬ್ಬರೂ ಬೇರೆ ಬೇರೆ ಅರ್ಜಿ ಹಾಕಬಹುದೇ? ಬ್ರೂಕ್ಲಿನ್‌ನ ಗೆಳತಿಯ ವಿಳಾಸ ಕೊಡಬಹುದೇ? ಆದಾಯದ ಮಿತಿ ದಾಟೀತೆಂಬ ಹೆದರಿಕೆಗೆ ನಮ್ಮವರು ಬಂದ ಬಡ್ತಿಯನ್ನೂ ಬೇಡ ಅನ್ನುತ್ತಿದ್ದಾರೆ.’

ಪ್ರಿಯ ಸೋದರಿ,

ಮೊದಲು ಆ 500 ಡಾಲರ್ ವಿಷಯ. ದಯವಿಟ್ಟು ಒಂದು ಸೆಂಟನ್ನೂ ಕೊಡಬೇಡಿ. ಈ ಲಾಟರಿಗಾಗಿ ಸಿಟಿ ನಡೆಸುವ ಹೌಸಿಂಗ್ ಕನೆಕ್ಟ್ ಎಂಬ ವೆಬ್‌ಸೈಟ್‌ನಲ್ಲಿ ಅರ್ಜಿ ಹಾಕುವುದು ಪೂರ್ತಿ ಉಚಿತ, ಈ ಮನೆಗಳಿಗೆ ಬ್ರೋಕರ್ ಫೀಸೂ ಇಲ್ಲ. ಕೊನೆಯ ದಿನಾಂಕ ಮುಗಿದ ಮೇಲೆ ಬಂದ ಅರ್ಜಿಗಳಿಗೆಲ್ಲ ಕಂಪ್ಯೂಟರ್ ಚೀಟಿ ಎತ್ತಿದಂತೆ ಒಂದೊಂದು ಲಾಗ್ ನಂಬರ್, ಅಂದರೆ ಸರದಿಯ ಸಂಖ್ಯೆ, ಹಂಚುತ್ತದೆ. ಮೊದಲ ದಿನವೇ ಹಾಕಿದವರಿಗೂ ಕೊನೆಯ ರಾತ್ರಿ ಹಾಕಿದವರಿಗೂ ಅಲ್ಲಿ ವ್ಯತ್ಯಾಸವಿಲ್ಲ. ಆ ನಂಬರನ್ನು ಮುಂದೆ ತರಿಸುವ ಬಾಗಿಲು ಯಾರಿಗೂ ತೆರೆದಿಲ್ಲ. ನನಗೆ ಹಣಕ್ಕಿಂತ ಹೆಚ್ಚು ಭಯ ಇನ್ನೊಂದರದ್ದು. ಹೀಗೆ ‘ಮಾಡಿಸಿಕೊಡುವವರು’ ನಿಮ್ಮ ಖಾತೆಯಲ್ಲಿ ತಮ್ಮ ಇಮೇಲ್ ಹಾಕಿಕೊಂಡರೆ, ನಾಳೆ ನಿಜವಾಗಿ ಕರೆ ಬಂದಾಗ ಅದು ಹೋಗುವುದು ಅವರಿಗೆ. ನಿಮಗೆ ಗೊತ್ತೇ ಆಗುವುದಿಲ್ಲ. ಈಗಾಗಲೇ ಪಾಸ್‌ವರ್ಡ್ ಕೊಟ್ಟಿದ್ದರೆ ಈ ಉತ್ತರ ಓದಿ ಮುಗಿಸುವ ಮೊದಲೇ ಬದಲಾಯಿಸಿ. ಸಿಟಿಯ ಸಹಾಯವಾಣಿ 311ಕ್ಕೆ ಫೋನ್ ಮಾಡಿ ದೂರನ್ನೂ ಕೊಡಬಹುದು.

ಇಬ್ಬರೂ ಬೇರೆ ಬೇರೆ ಅರ್ಜಿ ಹಾಕುವಂತಿಲ್ಲ. ಒಂದು ಲಾಟರಿಗೆ ಒಂದು ಕುಟುಂಬದಿಂದ ಒಂದೇ ಅರ್ಜಿ. ಒಬ್ಬರ ಹೆಸರು ಎರಡು ಕಡೆ ಕಂಡರೆ ಎರಡೂ ಬಿದ್ದುಹೋಗಬಹುದು. ಆದರೆ ಬೇರೆ ಬೇರೆ ಕಟ್ಟಡಗಳ ಲಾಟರಿಗೆ ಎಷ್ಟು ಬೇಕಾದರೂ ಹಾಕಿ.

ಈಗ ನಿಮ್ಮ ಪತ್ರದಲ್ಲಿ ನನ್ನನ್ನು ನಿಜವಾಗಿ ತಡೆದು ನಿಲ್ಲಿಸಿದ ಸಾಲಿಗೆ ಬರುತ್ತೇನೆ: ‘ಕೈಗೆ ಸಿಗುವುದು 58,000, ಅದನ್ನೇ ಬರೆದಿದ್ದೇವೆ.’ ನಂಬರ್ ನಿಮ್ಮ ಕೈಯಲ್ಲಿಲ್ಲ. ಈ ಅಂಕಿ ನಿಮ್ಮ ಕೈಯಲ್ಲಿದೆ, ಅದೇ ತಪ್ಪಾಗಿದೆ. ಅವರು ಕೇಳುವುದು ತೆರಿಗೆ ಮುಂತಾದ ಕಡಿತಗಳಿಗೆ ಮುಂಚಿನ ಸಂಬಳ, ಅದೂ ಮನೆಯ ಎಲ್ಲ ದೊಡ್ಡವರದ್ದು ಸೇರಿಸಿ. (ಸ್ವಂತ ಉದ್ಯೋಗ ಇದ್ದವರಿಗೆ ಮಾತ್ರ ಖರ್ಚು ಕಳೆದು ಉಳಿದ ಆದಾಯ.) ನಿಮ್ಮ ಲೆಕ್ಕವನ್ನೇ ಹಾಕೋಣ. ನಿಮ್ಮವರದ್ದು 23 ಡಾಲರ್, 40 ಗಂಟೆ, 52 ವಾರ: 47,840 ಡಾಲರ್. ನಿಮ್ಮದು 18 ಡಾಲರ್, 25 ಗಂಟೆ, 52 ವಾರ: 23,400. ಒಟ್ಟು 71,240. ಓವರ್‌ಟೈಮ್ ಇದ್ದರೆ ಅದೂ ಸೇರುತ್ತದೆ. ಊರಿನಲ್ಲಿ ಮನೆಯಿದ್ದು ಅದರಿಂದ ಬಾಡಿಗೆ ಬರುತ್ತಿದ್ದರೆ ಅದನ್ನೂ ತೋರಿಸಬೇಕು.

ಈ ಎರಡು ಅಂಕಿಗಳ ನಡುವೆ ಏನಾಗುತ್ತದೆ ನೋಡಿ. ಜಾಹೀರಾತುಗಳಲ್ಲಿ ‘ಎಎಂಐ 40%’, ‘60%’ ಎಂದಿರುತ್ತದಲ್ಲ, ಅದು ಈ ಪ್ರದೇಶದ ಮಧ್ಯಮ ಆದಾಯದ ಲೆಕ್ಕ. ಕೇಂದ್ರ ಸರ್ಕಾರದ ವಸತಿ ಇಲಾಖೆ ಪ್ರತಿ ವರ್ಷ ಪ್ರಕಟಿಸುತ್ತದೆ. 2025ರ ಪಟ್ಟಿಯಲ್ಲಿ ನ್ಯೂಯಾರ್ಕ್ ಸಿಟಿಯ ನಾಲ್ಕು ಜನರ ಕುಟುಂಬಕ್ಕೆ ನೂರಕ್ಕೆ ನೂರು ಅಂದರೆ 1,62,000 ಡಾಲರ್. ಅದರ 40% ಎಂದರೆ 64,800, 50% ಎಂದರೆ 81,000, 60% ಎಂದರೆ 97,200. 58,000 ಬರೆದ ನೀವು 40%ರ ಮನೆಗಳ ಸಾಲಿನಲ್ಲಿ ನಿಂತಿದ್ದೀರಿ. ಅಕಸ್ಮಾತ್ ನಂಬರ್ ಬಂದು, ಪೇ ಸ್ಟಬ್ (ಸಂಬಳದ ಚೀಟಿ) ತೆಗೆದುಕೊಂಡು ಹೋದ ದಿನ ಅವರು ಕೂಡಿಸಿದರೆ 71,240 ಆಗುತ್ತದೆ, ಮಿತಿ ದಾಟುತ್ತದೆ. ವರ್ಷಗಟ್ಟಲೆ ಕಾದು ಬಂದ ಒಂದು ಅವಕಾಶ ಆ ಮೇಜಿನ ಮೇಲೇ ಮುಗಿದುಹೋಗುತ್ತದೆ. ನಿಜವಾಗಿ ನೀವು ನೋಡಬೇಕಾದದ್ದು 50%ರ ಮನೆಗಳು, ಹಾಗೆಯೇ ಕನಿಷ್ಠ ಆದಾಯ ನಿಮಗೆ ಹೊಂದುವ 60%ರ ಮನೆಗಳು. ಪ್ರತಿ ಜಾಹೀರಾತಿನಲ್ಲಿ ಮಲಗುವ ಕೋಣೆಗಳ ಲೆಕ್ಕ, ಬಾಡಿಗೆ, ಕುಟುಂಬದ ಸಂಖ್ಯೆ, ಅದರ ಎದುರು ಆದಾಯದ ಕನಿಷ್ಠ ಮತ್ತು ಗರಿಷ್ಠ ಇರುವ ಒಂದು ಕೋಷ್ಟಕ ಇರುತ್ತದೆ. ಅದರಲ್ಲಿ ನಾಲ್ಕು ಜನರ ಸಾಲು ಹುಡುಕಿ, 71,240 ಆ ಎರಡು ಅಂಕಿಗಳ ನಡುವೆ ಬೀಳುತ್ತದೆಯೇ ನೋಡಿ, ಆಮೇಲೆ ಅರ್ಜಿ ಹಾಕಿ. ಕೆಲವು ಕಟ್ಟಡಗಳಲ್ಲಿ ನಿಮಗೆ ಹೊಂದುವ ಸಾಲೇ ಇರುವುದಿಲ್ಲ. 40% ಇರುತ್ತದೆ, ನಡುವೆ ಏನೂ ಇಲ್ಲದೆ ನೇರ 80%ಕ್ಕೆ ಹೋಗುತ್ತದೆ. ನಿಮ್ಮಂಥ ದುಡಿಯುವ ಕುಟುಂಬಗಳು ಈ ಸಂದಿಯಲ್ಲಿ ಬೀಳುವುದು ನನಗೆ ಬಹಳ ನೋವಿನ ಸಂಗತಿ, ಇದು ಸಿಟಿ ಸರಿಪಡಿಸಬೇಕಾದ ದೋಷ. ಅಲ್ಲಿಯವರೆಗೆ ಅಂಥ ಕಟ್ಟಡ ಬಿಟ್ಟು ಮುಂದಿನದಕ್ಕೆ ಹೋಗಿ.

ನಾಲ್ಕು ಜನ ಎಂದೆ, ಐದಲ್ಲ. ಆ ಮನೆಯನ್ನೇ ಖಾಯಂ ವಾಸ ಮಾಡಿಕೊಳ್ಳುವವರನ್ನು ಮಾತ್ರ ಅರ್ಜಿಯಲ್ಲಿ ಸೇರಿಸಬೇಕು. ವಿಸಿಟರ್ ವೀಸಾದಲ್ಲಿ ಬಂದು ಹೋಗುವ ಅತ್ತೆಯವರನ್ನು ಸೇರಿಸಿದರೆ ಮಿತಿಯ ಸಾಲೇ ಬದಲಾಗುತ್ತದೆ, ಕಾಗದ ಕೇಳಿದಾಗ ಲೆಕ್ಕ ತಪ್ಪುತ್ತದೆ. ಮುಂದೆ ಅವರು ಖಾಯಂ ಆಗಿ ಬಂದರೆ ಆಗ ಪ್ರೊಫೈಲ್ ತಿದ್ದಿ.

ಗೆಳತಿಯ ವಿಳಾಸವೂ ಬೇಡ. ಸುಳ್ಳು ಎಂಬ ಕಾರಣ ಒಂದು, ಲಾಭವೂ ಮೊದಲಿನಷ್ಟಿಲ್ಲ ಎಂಬುದು ಇನ್ನೊಂದು. ಮೊದಲು ಕಟ್ಟಡ ಇರುವ ಕಮ್ಯುನಿಟಿ ಬೋರ್ಡ್ (ಬಡಾವಣೆ ಮಟ್ಟದ ಸ್ಥಳೀಯ ಮಂಡಳಿ) ವ್ಯಾಪ್ತಿಯ ನಿವಾಸಿಗಳಿಗೆ ಅರ್ಧದಷ್ಟು ಮನೆಗಳು ಮೀಸಲಿದ್ದವು. ಇದರಿಂದ ಬಡಾವಣೆಗಳ ನಡುವಿನ ಜನಾಂಗೀಯ ಬೇರ್ಪಾಡು ಹಾಗೇ ಉಳಿಯುತ್ತದೆ ಎಂದು 2015ರಲ್ಲಿ ಸಿಟಿಯ ಮೇಲೆ ಕೇಸು ಬಿತ್ತು, 2024ರ ಜನವರಿಯಲ್ಲಿ ರಾಜಿಯಾಯಿತು. ಅದರ ಪ್ರಕಾರ ಆ ಪಾಲು 20%ಕ್ಕೆ ಇಳಿದಿದೆ, 2029ರಲ್ಲಿ 15% ಆಗಲಿದೆ. ಅಂದರೆ ಬ್ರೂಕ್ಲಿನ್‌ನ ಮನೆಗೆ ಕ್ವೀನ್ಸ್‌ನವರಾಗಿಯೇ ಅರ್ಜಿ ಹಾಕುವ ನಿಮಗೆ ಈಗ ಮೊದಲಿಗಿಂತ ಹೆಚ್ಚು ಜಾಗವಿದೆ.

ಒಂದು ವರ್ಷ ಕರೆ ಬರಲಿಲ್ಲ ಎಂದು ನೀವು ತಪ್ಪು ಮಾಡಿದ್ದೀರಿ ಅಂತಲ್ಲ. ಒಂದೊಂದು ಕಟ್ಟಡಕ್ಕೂ ಹತ್ತಾರು ಸಾವಿರ ಅರ್ಜಿ ಬರುವ ಊರು ಇದು. 2023ರ ಸಮೀಕ್ಷೆಯಲ್ಲಿ ಇಲ್ಲಿ ಬಾಡಿಗೆಗೆ ಖಾಲಿ ಇದ್ದ ಮನೆಗಳು ಬರೀ 1.41%, 1968ರಿಂದ ಈಚೆಗೆ ಅತಿ ಕಡಿಮೆ. ಖಾತೆಯೊಳಗೆ ಹೋದರೆ ನಿಮ್ಮ ಲಾಗ್ ನಂಬರ್ ಕಾಣುತ್ತದೆ. ನೂರು ಮನೆಯ ಕಟ್ಟಡಕ್ಕೆ ನಂಬರ್ ನಲವತ್ತು ಸಾವಿರ ಇದ್ದರೆ ಅದನ್ನು ಮನಸ್ಸಿನಿಂದ ತೆಗೆದುಹಾಕಿ. ಕೆಲವು ನೂರರ ಆಸುಪಾಸು ಇದ್ದರೆ ಅವತ್ತಿನಿಂದಲೇ ಕಾಗದ ಜೋಡಿಸಿ, ಸ್ಪ್ಯಾಮ್ ಪೆಟ್ಟಿಗೆಯನ್ನೂ ದಿನಾ ನೋಡಿ. ಕರೆ ಬಂದ ಮೇಲೆ ದಾಖಲೆ ಕೊಡಲು ಸಿಗುವುದು ಕೆಲವೇ ದಿನ.

ಕಾಗದ ಅಂದಾಗ ನನಗೆ ಚಿಂತೆ ಹತ್ತಿದ್ದು ನಿಮ್ಮ ನಗದು ಬಾಡಿಗೆಯದ್ದು. ಕ್ರೆಡಿಟ್ ವರದಿ (ಸಾಲ ತೀರಿಸಿದ ಚರಿತ್ರೆ) ಬೇಡವಾದರೆ ಅದರ ಬದಲು ಹನ್ನೆರಡು ತಿಂಗಳು ಬಾಡಿಗೆ ಪೂರ್ತಿಯಾಗಿ ಕಟ್ಟಿದ ದಾಖಲೆ ತೋರಿಸಲು ಸಿಟಿ 2019ರಿಂದ ಅವಕಾಶ ಕೊಟ್ಟಿದೆ. ನಿಮ್ಮಂಥವರಿಗೆ ಅದು ದೊಡ್ಡ ಆಸರೆ. ಆದರೆ ನೋಟು ಎಣಿಸಿ ಕೊಟ್ಟದ್ದಕ್ಕೆ ದಾಖಲೆ ಎಲ್ಲಿದೆ? ಮುಂದಿನ ತಿಂಗಳಿನಿಂದ ಚೆಕ್ ಅಥವಾ ಮನಿ ಆರ್ಡರ್‌ನಲ್ಲಿ ಕೊಡಿ. ಮನೆಯವರು ನಗದೇ ಬೇಕೆಂದರೆ ರಸೀದಿ ಕೇಳಿ. ನಗದು ಬಾಡಿಗೆಗೆ ಲಿಖಿತ ರಸೀದಿ ಕೊಡಬೇಕೆಂಬುದು ನ್ಯೂಯಾರ್ಕ್ ರಾಜ್ಯದ ಕಾನೂನು. ಕೇಳುವುದಕ್ಕೆ ಸಂಕೋಚ ಆಗುತ್ತದೆ ಎಂದು ಗೊತ್ತು, ಬೇಸ್‌ಮೆಂಟ್‌ನಲ್ಲಿರುವವರಿಗೆ ಮನೆ ಬಿಡಿಸಿಯಾರೆಂಬ ಭಯವೂ ಇರುತ್ತದೆ. ಆದ್ದರಿಂದ ಜಗಳದ ಧಾಟಿ ಬೇಡ, ‘ನಮ್ಮ ದಾಖಲೆಗೆ ಬೇಕಾಗಿದೆ’ ಎಂದು ಮೆತ್ತಗೆ ಕೇಳಿ. ಅದು ನಿಜವಾದ ಕಾರಣವೇ. ಕ್ರೆಡಿಟ್ ಸ್ಕೋರ್ ಒಂದೇ ಕಡಿಮೆ ಎಂದು ಅರ್ಜಿ ತಿರಸ್ಕರಿಸುವಂತಿಲ್ಲ. ತಿರಸ್ಕರಿಸಿದರೆ ಕಾರಣ ಬರೆದ ಪತ್ರ ಬರುತ್ತದೆ, ಮೇಲ್ಮನವಿಗೆ ಗಡುವು ಅದರಲ್ಲೇ ಇರುತ್ತದೆ. ಲೆಕ್ಕ ಅವರೇ ತಪ್ಪು ಹಾಕಿದ್ದರೆ ಸುಮ್ಮನೆ ಬಿಡಬೇಡಿ.

ಇದೆಲ್ಲ ಒಬ್ಬರೇ ಮಾಡಬೇಕಿಲ್ಲ. ಅರ್ಜಿಗೆ ಉಚಿತವಾಗಿ ನೆರವಾಗಲು ಸಿಟಿಯೇ ಹೌಸಿಂಗ್ ಅಂಬಾಸಡರ್ ಎಂಬ ಹೆಸರಿನಲ್ಲಿ ಸಂಸ್ಥೆಗಳನ್ನು ನೇಮಿಸಿದೆ, ಹತ್ತಿರದವರು ಯಾರೆಂದು ಹೌಸಿಂಗ್ ಕನೆಕ್ಟ್‌ನಲ್ಲಿ ಸಿಗುತ್ತದೆ. ಕ್ವೀನ್ಸ್‌ನಲ್ಲೇ ಜಾಕ್ಸನ್ ಹೈಟ್ಸ್‌ನ ಛಾಯಾ ಸಿಡಿಸಿ ದಕ್ಷಿಣ ಏಷ್ಯಾದವರ ವಸತಿ ಸಮಸ್ಯೆಗಳಿಗಾಗಿಯೇ ಹುಟ್ಟಿದ ಸಂಸ್ಥೆ. ಬೇಸ್‌ಮೆಂಟ್‌ನ ಬಾಡಿಗೆದಾರರ ಕಷ್ಟ ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಕೊನೆಯದಾಗಿ, ನಿಮ್ಮ ಯಜಮಾನರ ಬಡ್ತಿ. ಬಾರದಿರುವ ಮನೆಗಾಗಿ ಬಂದಿರುವ ಸಂಬಳ ಬಿಡುವುದು ಖಂಡಿತ ಬೇಡ. ಹೊಸ ಸಂಬಳ ಎಷ್ಟೆಂದು ನೀವು ಬರೆದಿಲ್ಲ. ಗಂಟೆಗೆ 27 ಡಾಲರ್ ಆಯಿತೆಂದೇ ಇಟ್ಟುಕೊಳ್ಳಿ: ಅವರದ್ದು 56,160, ನಿಮ್ಮದು ಸೇರಿ 79,560. ಆಗಲೂ 50%ರ ಮಿತಿಯಾದ 81,000ದ ಒಳಗೇ ಇದ್ದೀರಿ. ಅದನ್ನು ದಾಟಿದರೆ 60%ರ ಸಾಲಿದೆ, 80%ರ ಸಾಲಿದೆ. ಮನೆ ಸಿಕ್ಕ ಮೇಲೆ ಸಂಬಳ ಏರಿದರೆ ಅಷ್ಟಕ್ಕೇ ಸಾಮಾನ್ಯವಾಗಿ ಮನೆ ಬಿಡಿಸುವುದಿಲ್ಲ. ಆದಾಯದ ಅರ್ಹತೆ ನೋಡುವುದು ಒಳಗೆ ಹೋಗುವಾಗ. ಆಮೇಲೆ ಈ ಬಗೆಯ ಹೆಚ್ಚಿನ ಮನೆಗಳು ‘ರೆಂಟ್ ಸ್ಟೆಬಿಲೈಸೇಶನ್’ ಎಂಬ ಬಾಡಿಗೆ ಕಾನೂನಿನಡಿ ಬರುತ್ತವೆ, ಲೀಸ್ ನವೀಕರಿಸುವಾಗ ಎಷ್ಟು ಏರಿಸಬಹುದೆಂಬುದನ್ನು ಸಿಟಿಯ ರೆಂಟ್ ಗೈಡ್‌ಲೈನ್ಸ್ ಬೋರ್ಡ್ ತೀರ್ಮಾನಿಸುತ್ತದೆ. ಸೋಮವಾರವೇ ಹೋಗಿ ಬಡ್ತಿಗೆ ಒಪ್ಪಿಗೆ ಹೇಳಲಿ. ಸಂಬಳ ಏರಿದ ಮೊದಲ ಪೇ ಸ್ಟಬ್ ಕೈಗೆ ಬಂದ ದಿನ ಪ್ರೊಫೈಲ್‌ನಲ್ಲಿ ಅಂಕಿ ಬದಲಾಯಿಸಿ.

– ಸಂಪಾದಕ