ಕಾಲಿನ ರಕ್ತನಾಳ ಮುಚ್ಚಿದ್ದಕ್ಕೆ ಬೈಪಾಸ್ ಎನ್ನುತ್ತಿದ್ದಾರೆ, ಅದು ಹೃದಯಕ್ಕಲ್ಲವೇ?

ನೀವು ಬರೆದಿರುವುದು ಇಷ್ಟು: ತಂದೆಯವರಿಗೆ 64 ವರ್ಷ, ಹದಿನೈದು ವರ್ಷಗಳಿಂದ ಸಕ್ಕರೆ ಕಾಯಿಲೆ, ಬೀಡಿ ಬಿಟ್ಟಿಲ್ಲ. ಎಡಗಾಲಿನ ಹೆಬ್ಬೆರಳಿನ ಹುಣ್ಣು ಎರಡು ತಿಂಗಳಾದರೂ ಮಾಯುತ್ತಿಲ್ಲ. ಸ್ಕ್ಯಾನಿನಲ್ಲಿ ತೊಡೆಯ ರಕ್ತನಾಳ ಮುಚ್ಚಿರುವುದು ಕಂಡಿದೆ. ಒಂದು ಆಸ್ಪತ್ರೆಯವರು ಬಲೂನ್ ಹಾಕೋಣ ಎನ್ನುತ್ತಾರೆ, ಇನ್ನೊಂದರವರು ಬೈಪಾಸ್ ಎನ್ನುತ್ತಾರೆ. ಕಾಲಿಗೆ ಬೈಪಾಸ್ ಎಂದರೇನು, ಯಾರನ್ನು ನಂಬುವುದು ಎಂಬುದು ನಿಮ್ಮ ಪ್ರಶ್ನೆ.

ನಾನು ವೈದ್ಯೆಯಲ್ಲ. ಆಪರೇಷನ್ ಥಿಯೇಟರಿನಲ್ಲಿ ಇಪ್ಪತ್ತೆರಡು ವರ್ಷ ಸ್ಕ್ರಬ್ ನರ್ಸ್ ಆಗಿದ್ದವಳು. ಅದರಲ್ಲಿ ಹನ್ನೊಂದು ವರ್ಷ ವ್ಯಾಸ್ಕುಲರ್ ಸರ್ಜನ್‌ಗಳ, ಅಂದರೆ ರಕ್ತನಾಳಗಳ ಆಪರೇಷನ್ ಮಾಡುವವರ, ಎದುರು ನಿಂತು ಸೂಜಿ, ದಾರ, ಕ್ಲ್ಯಾಂಪು ಕೊಟ್ಟಿದ್ದೇನೆ. ನಿಮ್ಮ ತಂದೆಯವರಿಗೆ ಯಾವುದು ಸರಿ ಎಂದು ಹೇಳುವುದು ನನ್ನ ಕೆಲಸವಲ್ಲ. ಆದರೆ ಮೇಜಿನ ಮೇಲೆ ಏನು ನಡೆಯುತ್ತದೆ ಎಂಬುದನ್ನು ಹೇಳಬಲ್ಲೆ. ಅದು ತಿಳಿದರೆ ಆ ಇಬ್ಬರು ವೈದ್ಯರಲ್ಲಿ ಯಾರೂ ನಿಮಗೆ ಸುಳ್ಳು ಹೇಳುತ್ತಿಲ್ಲದಿರಬಹುದು ಎಂಬುದು ಅರ್ಥವಾಗುತ್ತದೆ.

ಮೊದಲು ಬೈಪಾಸ್ ಹೃದಯಕ್ಕಲ್ಲವೇ ಎಂಬ ಅನುಮಾನ. ನಿಜ ಹೇಳಬೇಕೆಂದರೆ ಹೃದಯವೇ ಅದನ್ನು ಕಾಲಿನಿಂದ ಕಡ ತಂದಿದೆ. 1948ರಲ್ಲಿ ಪ್ಯಾರಿಸ್‌ನ ಝಾನ್ ಕುನ್ಲಿನ್ ಎಂಬ ಸರ್ಜನ್, ರೋಗಿಯ ಕಾಲಿನಿಂದಲೇ ಅಭಿಧಮನಿಯೊಂದನ್ನು (ಹೃದಯಕ್ಕೆ ರಕ್ತ ಮರಳಿ ಒಯ್ಯುವ ನಾಳ) ತೆಗೆದು, ಮುಚ್ಚಿಹೋದ ಅಪಧಮನಿಯ (ಹೃದಯದಿಂದ ರಕ್ತ ತರುವ ನಾಳ) ಮೇಲೂ ಕೆಳಗೂ ಅದನ್ನು ಹೊಲಿದು ರಕ್ತಕ್ಕೆ ಬದಲಿ ದಾರಿ ಮಾಡಿಕೊಟ್ಟರು. ಕ್ಲೀವ್‌ಲ್ಯಾಂಡ್‌ನಲ್ಲಿ ರೆನೆ ಫವಲೊರೊ ಅದೇ ಅಭಿಧಮನಿಯನ್ನು ಹೃದಯಕ್ಕೆ ಬಳಸಿದ್ದು 1967ರಲ್ಲಿ. ಬಲೂನಿನ, ಅಂದರೆ ಮುಚ್ಚಿದ ನಾಳವನ್ನು ಒಳಗಿನಿಂದಲೇ ಅಗಲ ಮಾಡುವ ವಿಧಾನದ, ಕಥೆಯೂ ಹೀಗೆಯೇ. 1964ರ ಜನವರಿಯಲ್ಲಿ ಅಮೆರಿಕದ ಪೋರ್ಟ್‌ಲ್ಯಾಂಡ್‌ನಲ್ಲಿ ಕಾಲು ಕತ್ತರಿಸಲು ಒಪ್ಪದ 82 ವರ್ಷದ ಅಜ್ಜಿಯೊಬ್ಬರಿದ್ದರು. ಚಾರ್ಲ್ಸ್ ಡಾಟರ್ ಎಂಬ ರೇಡಿಯಾಲಜಿಸ್ಟ್ ಆಕೆಯ ತೊಡೆಯ ನಾಳದೊಳಗೆ ಒಂದಕ್ಕಿಂತ ಒಂದು ದಪ್ಪದ ನಳಿಕೆಗಳನ್ನು ತೂರಿಸಿ ಅದನ್ನು ಅಗಲ ಮಾಡಿದರು. ಕಾಲು ಉಳಿಯಿತು. ಹೃದಯದ ನಾಳಕ್ಕೆ ಬಲೂನ್ ಹೋದದ್ದು ಅದಾಗಿ ಹದಿಮೂರು ವರ್ಷಕ್ಕೆ, 1977ರಲ್ಲಿ, ಜ್ಯೂರಿಚ್‌ನಲ್ಲಿ. ಹೆಸರು ಮಾತ್ರ ಹೃದಯಕ್ಕೆ ಬಂತು.

ಕಾಲಿಗೆ ರಕ್ತ ಹೋಗುವುದನ್ನು ನಾನು ರೋಗಿಗಳ ಮನೆಯವರಿಗೆ ನಾಲೆಯ ಲೆಕ್ಕದಲ್ಲಿ ಹೇಳುತ್ತಿದ್ದೆ. ತುಂಗಭದ್ರಾ ಎಡದಂಡೆ ನಾಲೆಯ ಕೊನೆ ಭಾಗದ ರೈತರಿಗೆ ನೀರು ತಲುಪಿಲ್ಲ ಎಂಬ ಸುದ್ದಿಯನ್ನು ನೀವು ಓದಿರುತ್ತೀರಿ. ಕಾಲಿನ ಬೆರಳುಗಳೂ ಕೊನೆ ಭಾಗದ ಜಮೀನುಗಳೇ. ಮೇಲೆಲ್ಲೋ ಹೂಳು ತುಂಬಿದರೆ ಮೊದಲು ಒಣಗುವುದು ಅಲ್ಲಿ. ಆದ್ದರಿಂದ ಸರ್ಜನ್ ಮೂರು ಸಂಗತಿ ನೋಡುತ್ತಾರೆ: ಹೊಟ್ಟೆಯ ಕಡೆಯಿಂದ ರಕ್ತ ಜೋರಾಗಿ ಬರುತ್ತಿದೆಯೇ, ಅಡ್ಡಿಯ ಕೆಳಗೆ ಪಾದದವರೆಗೆ ತೆರೆದ ನಾಳ ಒಂದಾದರೂ ಉಳಿದಿದೆಯೇ, ಇವೆರಡನ್ನೂ ಜೋಡಿಸಲು ಒಳ್ಳೆಯ ಕೊಳವೆ ಸಿಗುತ್ತದೆಯೇ. ಮಾಡುವ ವಿಧಾನ ಯಾವುದೇ ಇರಲಿ, ಫಲ ಈ ಮೂರರ ಮೇಲೆ ನಿಂತಿದೆ.

ವಿಧಾನಗಳಲ್ಲಿ ಎಲ್ಲಕ್ಕಿಂತ ಚಿಕ್ಕದು ಹೆಪ್ಪು ಎಳೆಯುವುದು. ಹೃದಯದಿಂದ ರಕ್ತದ ಗಡ್ಡೆ ಹಾರಿಬಂದು ಕಾಲಿನ ನಾಳದಲ್ಲಿ ಸಿಕ್ಕಿಕೊಂಡಾಗ, ತೊಡೆಸಂದಿನಲ್ಲಿ ನಾಳ ತೆರೆದು, ತುದಿಯಲ್ಲಿ ಪುಟ್ಟ ಬಲೂನಿರುವ ಕೊಳವೆಯನ್ನು ಗಡ್ಡೆಯ ಆಚೆಗೆ ತೂರಿಸಿ, ಬಲೂನ್ ಉಬ್ಬಿಸಿ ಹಿಂದಕ್ಕೆ ಎಳೆಯುತ್ತಾರೆ. ಇದನ್ನು ಕಂಡುಹಿಡಿದ ಥಾಮಸ್ ಫೊಗಾರ್ಟಿ ಆಗಿನ್ನೂ ವೈದ್ಯಕೀಯ ವಿದ್ಯಾರ್ಥಿ. ರಬ್ಬರ್ ಕೈಗವಸಿನ ಬೆರಳ ತುದಿಯನ್ನು ಕತ್ತರಿಸಿ, ಮೀನಿನ ಗಾಳಕ್ಕೆ ಹುಸಿನೊಣ ಕಟ್ಟುವ ಗಂಟಿನಲ್ಲಿ ಕೊಳವೆಗೆ ಬಿಗಿದಿದ್ದರಂತೆ. ಅದು ಪ್ರಕಟವಾದದ್ದು 1963ರಲ್ಲಿ. ಇಂದಿಗೂ ಥಿಯೇಟರಿನಲ್ಲಿ ‘ಫೊಗಾರ್ಟಿ ಕೊಡಿ’ ಎಂದೇ ಕೇಳುತ್ತಾರೆ. ನಿಮ್ಮ ತಂದೆಯವರದು ನಿಧಾನವಾಗಿ ಕಟ್ಟಿದ ಅಡ್ಡಿ, ಆದ್ದರಿಂದ ಬರೀ ಇದರಿಂದ ಆಗುವ ಕೆಲಸವಲ್ಲ.

ಎರಡನೆಯದು ನಾಳವನ್ನೇ ಸೀಳಿ ಒಳಗಿನದನ್ನು ಕೆತ್ತಿ ತೆಗೆಯುವುದು, ಎಂಡಾರ್ಟರೆಕ್ಟಮಿ. 1946ರಲ್ಲಿ ಲಿಸ್ಬನ್‌ನ ಜುವಾಂವ್ ಸಿದ್ ದುಸ್ ಸಾಂತುಸ್ ಹಳೆಯ ಹೆಪ್ಪನ್ನು ತೆಗೆಯಲು ಹೋಗಿ ಅದರ ಜೊತೆ ನಾಳದ ಒಳಪದರವನ್ನೂ ಎಳೆದು ತೆಗೆದಿದ್ದರು. ಆದರೂ ನಾಳದಲ್ಲಿ ರಕ್ತ ಹರಿಯಿತು. ತೊಡೆಸಂದಿನ ನಾಳಕ್ಕೆ ಇಂದಿಗೂ ಹೆಚ್ಚಿನವರು ಇದನ್ನೇ ಆರಿಸಿಕೊಳ್ಳುತ್ತಾರೆ, ಏಕೆಂದರೆ ಕೂತೆದ್ದಾಗಲೆಲ್ಲ ಮಡಚುವ ಆ ಜಾಗದಲ್ಲಿ ಸ್ಟೆಂಟ್ (ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಜಾಲರಿ ಕೊಳವೆ) ನಲುಗುತ್ತದೆ. ಚಪ್ಪಟೆ ಸಲಾಕೆಯನ್ನು ಪದರಗಳ ನಡುವೆ ಹದವಾಗಿ ಆಡಿಸಿದರೆ, ಪಾತ್ರೆಯ ತಳಕ್ಕೆ ಹತ್ತಿದ ಸೀಕಲು ಒಂದೇ ಹಾಳೆಯಾಗಿ ಎದ್ದುಬಂದಂತೆ ಹಳದಿ ಪದರ ಎದ್ದುಬರುತ್ತದೆ. ಅದನ್ನು ನನ್ನ ಸ್ಟೀಲ್ ಟ್ರೇಗೆ ಹಾಕಿದಾಗ ಟಿಕ್ ಎಂದು ಸದ್ದಾಗುತ್ತಿತ್ತು. ಮನುಷ್ಯನ ಮೈಯೊಳಗಿನಿಂದ ಬಂದದ್ದು ಕಲ್ಲಿನಂತೆ ಸದ್ದು ಮಾಡುವುದು ನನಗೆ ಹನ್ನೊಂದು ವರ್ಷದಲ್ಲೂ ಅಭ್ಯಾಸವಾಗಲಿಲ್ಲ. ಆಮೇಲೆ ಸೀಳಿದ ಜಾಗಕ್ಕೆ ಒಂದು ತೇಪೆ ಹೊಲಿಯುತ್ತಾರೆ, ನೇರವಾಗಿ ಹೊಲಿದರೆ ನಾಳ ಮತ್ತೆ ಕಿರಿದಾದೀತು ಎಂದು. ಪಾರ್ಶ್ವವಾಯು ತಪ್ಪಿಸಲು ಕುತ್ತಿಗೆಯ ನಾಳಕ್ಕೂ ಇದನ್ನೇ ಮಾಡುತ್ತಾರೆ.

ಈಗ ಬೈಪಾಸ್. ಹೃದಯದ ಬೈಪಾಸಿನಂತೆ ಎದೆ ತೆರೆಯುವುದಿಲ್ಲ, ಹಾರ್ಟ್-ಲಂಗ್ ಯಂತ್ರವೂ ಬೇಕಿಲ್ಲ. ಎಷ್ಟೋ ಬಾರಿ ಬೆನ್ನಿಗೆ ಇಂಜೆಕ್ಷನ್ ಕೊಟ್ಟೇ ಮಾಡುತ್ತಾರೆ, ರೋಗಿ ಎಚ್ಚರವಾಗಿರುತ್ತಾರೆ. ಹಿಂದಿನ ದಿನ ಸ್ಕ್ಯಾನ್ ಮಾಡಿ, ಚರ್ಮದ ಕೆಳಗೆ ಕಣಕಾಲಿನಿಂದ ತೊಡೆಸಂದಿನವರೆಗೆ ಓಡುವ ಉದ್ದನೆಯ ಅಭಿಧಮನಿಯನ್ನು ಅಳೆದು ಪೆನ್ನಿನಲ್ಲಿ ಗೆರೆ ಎಳೆಯುತ್ತಾರೆ. ಮೂರು ಮಿಲಿಮೀಟರಿನಷ್ಟು ಅಗಲವಾದರೂ ಇದ್ದರೆ ಒಳ್ಳೆಯದು. ಒಮ್ಮೆ ರೋಗಿಯೊಬ್ಬರ ಮಡದಿ ಬೆಳಿಗ್ಗೆ ‘ಆಪರೇಷನ್‌ಗೆ ಶುಚಿಯಾಗಿ ಹೋಗಲಿ’ ಎಂದು ಸೋಪು ಹಾಕಿ ತಿಕ್ಕಿ ಆ ಗೆರೆಯನ್ನೇ ತೊಳೆದುಬಿಟ್ಟಿದ್ದರು. ಮತ್ತೆ ಸ್ಕ್ಯಾನ್ ಮಾಡಿ ಗೆರೆ ಎಳೆಯುವ ಹೊತ್ತಿಗೆ ಒಂದು ಗಂಟೆ ಹೋಯಿತು. ಗೆರೆ ಎಳೆದರೆ ದಯವಿಟ್ಟು ಮುಟ್ಟಬೇಡಿ.

ಆ ನಾಳವನ್ನು ಬಿಡಿಸಿ ತೆಗೆದು, ಕವಲುಗಳನ್ನೆಲ್ಲ ರೇಷ್ಮೆ ದಾರದಲ್ಲಿ ಕಟ್ಟಿ, ಸಿರಿಂಜಿನಿಂದ ಹೆಪಾರಿನ್ (ರಕ್ತ ಹೆಪ್ಪುಗಟ್ಟದಂತೆ ತಡೆಯುವ ಔಷಧ) ಬೆರೆಸಿದ ಸಲೈನ್ ತುಂಬಿಸಿ ಉಬ್ಬಿಸುತ್ತಾರೆ. ಎಲ್ಲಿಂದ ಹನಿ ಜಿನುಗುತ್ತದೆ ಎಂದು ನೋಡುವುದು ಥೇಟ್ ಸೈಕಲ್ ಅಂಗಡಿಯಲ್ಲಿ ಟ್ಯೂಬನ್ನು ನೀರಿಗೆ ಅದ್ದಿ ಪಂಕ್ಚರ್ ಹುಡುಕಿದಂತೆ. ಆಮೇಲೆ ಅದನ್ನು ತಲೆಕೆಳಗು ಮಾಡುತ್ತಾರೆ. ಅಭಿಧಮನಿಯಲ್ಲಿ ರಕ್ತ ಮೇಲಕ್ಕಷ್ಟೇ ಹೋಗಲು ಬಿಡುವ ಕವಾಟಗಳಿವೆ. ನಮಗೀಗ ರಕ್ತ ಕೆಳಕ್ಕೆ ಇಳಿಯಬೇಕು, ಆದ್ದರಿಂದ ಕಣಕಾಲಿನ ತುದಿ ತೊಡೆಗೆ, ತೊಡೆಯ ತುದಿ ಕೆಳಗೆ. ಕೆಲವು ಸರ್ಜನ್‌ಗಳು ನಾಳವನ್ನು ಇದ್ದ ಜಾಗದಲ್ಲೇ ಬಿಟ್ಟು, ಪುಟ್ಟ ಕೊಕ್ಕೆಯಂಥ ಉಪಕರಣ ತೂರಿಸಿ ಕವಾಟಗಳನ್ನು ಕತ್ತರಿಸುತ್ತಾರೆ. ಎರಡೂ ಸರಿಯೇ.

ಹೊಲಿಗೆ ಶುರುವಾಗುವ ಮುನ್ನ ಹೆಪಾರಿನ್ ಕೊಟ್ಟು ಕೆಲವು ನಿಮಿಷ ಕಾಯುತ್ತಾರೆ, ಆಮೇಲೆ ಕ್ಲ್ಯಾಂಪು. ‘ಕ್ಲ್ಯಾಂಪ್ ಆನ್’ ಎಂದ ಕೂಡಲೇ ಗಡಿಯಾರ ನೋಡಿ ಸಮಯ ಬರೆದಿಡಬೇಕು. ಕಾಲಿಗೆ ಸಾಮಾನ್ಯವಾಗಿ 5-0, 6-0 ಅಳತೆಯ ಪ್ರೊಲೀನ್ ದಾರ, ಎರಡೂ ತುದಿಗೆ ಸೂಜಿ. ಕೂದಲೆಳೆಯಂಥ ಆ ನೀಲಿ ದಾರ ಹಸಿರು ಬಟ್ಟೆಯ ಮೇಲೆ ಬಿದ್ದರೆ ಕಣ್ಣಿಗೇ ಬೀಳುವುದಿಲ್ಲ. ಅಪಧಮನಿಯಲ್ಲಿ ಸೂಜಿ ಯಾವಾಗಲೂ ಒಳಗಿನಿಂದ ಹೊರಕ್ಕೆ ಬರಬೇಕು. ಹೊರಗಿನಿಂದ ಚುಚ್ಚಿದರೆ ಒಳಗಿನ ಕೊಬ್ಬಿನ ಪದರ ಗೋಡೆ ಬಿಟ್ಟು ಎದ್ದು, ಬಾಗಿಲಿನಂತೆ ರಕ್ತಕ್ಕೆ ಅಡ್ಡ ನಿಂತೀತು. ರಕ್ತನಾಳ ಹೊಲಿಯುವ ಈ ವಿದ್ಯೆಗೆ ತಳಹದಿ ಹಾಕಿದ ಅಲೆಕ್ಸಿಸ್ ಕ್ಯಾರೆಲ್ ಫ್ರಾನ್ಸಿನ ಲಿಯಾನ್‌ನಲ್ಲಿ ಕಸೂತಿ ಹಾಕುವ ಹೆಂಗಸೊಬ್ಬರ ಬಳಿ ಸೂಜಿಗೆಲಸ ಕಲಿತಿದ್ದರು. 1912ರಲ್ಲಿ ನೊಬೆಲ್ ಬಂತು. ಒಳ್ಳೆಯ ಸರ್ಜನ್ ಹೊಲಿಯುವುದನ್ನು ನೋಡಿದಾಗ ನನಗೆ ಧಾರವಾಡದ ಕಡೆಯ ಕಸೂತಿಯೇ ನೆನಪಾಗುತ್ತಿತ್ತು, ಅಲ್ಲೂ ಗಂಟು ಕಾಣಬಾರದು.

ಕೊನೆಯ ಗಂಟು ಹಾಕುವ ಮುನ್ನ ಕ್ಲ್ಯಾಂಪನ್ನು ಒಂದು ಕ್ಷಣ ಸಡಿಲಿಸಿ ಗಾಳಿ, ಹೆಪ್ಪಿನ ಚೂರು ಹೊರಹೋಗಲು ಬಿಡುತ್ತಾರೆ. ಆಮೇಲೆ ಎಲ್ಲವನ್ನೂ ಬಿಚ್ಚಿ, ಪಾದದ ಮೇಲೆ ಪೆನ್ನಿನಂಥ ಡಾಪ್ಲರ್ (ರಕ್ತದ ಹರಿವನ್ನು ಸದ್ದಾಗಿ ಕೇಳಿಸುವ ಉಪಕರಣ) ಇಟ್ಟು ಕಿವಿಗೊಡುತ್ತಾರೆ. ಮೊದಲು ಬರೀ ಕೊರಕೊರ. ನಂತರ ಸುಂಯ್, ಸುಂಯ್ ಎಂದು ನಾಡಿಯ ತಾಳಕ್ಕೆ ಸದ್ದು. ಎಚ್ಚರವಿದ್ದ ರೈತರೊಬ್ಬರು ಪರದೆಯ ಆಚೆಯಿಂದ ‘ಮೋಟರ್ ಆನ್ ಆಯಿತೇ ಸಿಸ್ಟರ್?’ ಎಂದು ಕೇಳಿದ್ದರು.

ಸ್ವಂತ ಅಭಿಧಮನಿ ಸಿಗದಿದ್ದರೆ ಪಿಟಿಎಫ್‌ಇ ಅಥವಾ ಡೇಕ್ರಾನ್ ಎಂಬ ಕೃತಕ ಕೊಳವೆ. ಹೊಟ್ಟೆಯಿಂದ ತೊಡೆಗೆ ಹೋಗುವ ದಪ್ಪ ನಾಳಗಳಿಗೆ ಅದು ಚೆನ್ನಾಗಿ ಬಾಳುತ್ತದೆ. ಮಂಡಿಯ ಕೆಳಗೆ ಮಾತ್ರ ಸ್ವಂತ ನಾಳಕ್ಕೆ ಸಮ ಯಾವುದೂ ಇಲ್ಲ. ಕೃತಕ ಕೊಳವೆಗೆ ಸೋಂಕು ತಗುಲಿದರೆ ಅದೊಂದು ದೊಡ್ಡ ರಾಮಾಯಣ.

ಬಲೂನಿನ ಬಗ್ಗೆ ಹೆಚ್ಚು ಹೇಳಲಾರೆ, ಅದು ನಮ್ಮ ಕೊಠಡಿಯ ಕೆಲಸವಲ್ಲ, ಎಕ್ಸ್‌ರೇ ನೋಡುತ್ತ ನಾಳದೊಳಗೆ ಕೊಳವೆ ತೂರಿಸುವ ಕ್ಯಾಥ್ ಲ್ಯಾಬಿನದು. ಸಣ್ಣ ತೂತು, ಬೇಗ ಮನೆ, ಹೃದಯ ದುರ್ಬಲವಾಗಿರುವವರೂ ತಾಳಿಕೊಳ್ಳುತ್ತಾರೆ. ಮತ್ತೆ ಮುಚ್ಚಿಕೊಳ್ಳುವ ಸಂಭವವೂ ಇದೆ, ಆಗ ಇನ್ನೊಮ್ಮೆ ಮಾಡಬೇಕಾದೀತು.

ಹಾಗಾದರೆ ಯಾವುದು ಮೇಲು? ಇದಕ್ಕೆ ವೈದ್ಯಲೋಕದಲ್ಲೇ ಎರಡು ಉತ್ತರ ಬಂದಿವೆ. 2022ರಲ್ಲಿ ಪ್ರಕಟವಾದ ‘ಬೆಸ್ಟ್-ಸಿಎಲ್‌ಐ’ ಎಂಬ ದೊಡ್ಡ ಅಧ್ಯಯನದಲ್ಲಿ 1,830 ರೋಗಿಗಳಿದ್ದರು. ಕಾಲಿನ ಸ್ವಂತ ಅಭಿಧಮನಿ ಚೆನ್ನಾಗಿದ್ದವರಲ್ಲಿ ಮೊದಲೇ ಬೈಪಾಸ್ ಮಾಡಿಸಿಕೊಂಡವರ ಫಲಿತಾಂಶ ಮೇಲಾಗಿತ್ತು. ಮರುವರ್ಷ ಬಂದ ‘ಬೇಸಿಲ್-2’ ಮಂಡಿಯ ಕೆಳಗಿನ ನಾಳಗಳಿಗೂ ಚಿಕಿತ್ಸೆ ಬೇಕಾಗಿದ್ದ 345 ಜನರನ್ನು ನೋಡಿ, ಮೊದಲು ಬಲೂನ್ ಮಾಡಿದ ಗುಂಪೇ ಮೇಲು ಎಂದಿತು. ನಿಮ್ಮ ಇಬ್ಬರು ವೈದ್ಯರ ನಡುವಿನ ಭಿನ್ನಾಭಿಪ್ರಾಯ ಇದೇ ಆಗಿರಬಹುದು. ಆದ್ದರಿಂದ ‘ಬಲೂನೋ ಬೈಪಾಸೋ’ ಎಂದು ಕೇಳಬೇಡಿ. ಮುಚ್ಚಿರುವ ಭಾಗ ಎಷ್ಟು ಉದ್ದ, ಮಂಡಿಯ ಕೆಳಗೆ ಯಾವ ನಾಳ ತೆರೆದಿದೆ, ಅಭಿಧಮನಿಯನ್ನು ಅಳೆದಿದ್ದೀರಾ, ಅವರ ಹೃದಯ ಆಪರೇಷನ್ನನ್ನು ತಾಳಿಕೊಳ್ಳುತ್ತದೆಯೇ, ಈ ನಾಲ್ಕನ್ನು ಕೇಳಿ. ಅಭಿಧಮನಿಯನ್ನು ಅಳೆಯದೆಯೇ ಬೈಪಾಸ್ ಬೇಡ ಎಂದರೂ, ಬೇಕೇ ಬೇಕು ಎಂದರೂ ನಾನಾದರೆ ಇನ್ನೊಬ್ಬರ ಬಳಿ ಹೋಗುತ್ತೇನೆ.

ಬರೀ ನಡೆಯುವಾಗ ಮೀನಖಂಡ ಹಿಡಿದುಕೊಳ್ಳುತ್ತಿದ್ದರೆ ವೈದ್ಯರು ಇದ್ಯಾವುದೂ ಈಗಲೇ ಬೇಡ, ಬೀಡಿ ಬಿಟ್ಟು ದಿನವೂ ನಡೆಯಿರಿ ಎನ್ನುತ್ತಿದ್ದರು. ಹುಣ್ಣು ಮಾಯದಿರುವುದು ಬೇರೆಯೇ ಹಂತ, ತಿಂಗಳುಗಟ್ಟಲೆ ಯೋಚಿಸುವಂತಿಲ್ಲ. ಕಣಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸಿದ ಎಬಿಐ ಅಂಕಿ 0.9ಕ್ಕಿಂತ ಕಡಿಮೆಯಾದರೆ ಅಡ್ಡಿಯಿದೆ ಎಂದರ್ಥ. ಸಕ್ಕರೆ ಕಾಯಿಲೆಯವರಲ್ಲಿ ನಾಳ ಸುಣ್ಣಗಟ್ಟಿ ಬಿಪಿ ಪಟ್ಟಿಯ ಒತ್ತಡಕ್ಕೆ ಬಗ್ಗದಿರುವುದರಿಂದ ಅಂಕಿ ಚೆನ್ನಾಗಿಯೇ ಕಾಣಬಹುದು, ಅದನ್ನು ನೋಡಿ ಸಮಾಧಾನ ಪಡಬೇಡಿ. ರಾತ್ರಿ ನೋವಿಗೆ ತಂದೆಯವರು ಕಾಲನ್ನು ಮಂಚದಿಂದ ಕೆಳಗೆ ಇಳಿಬಿಟ್ಟು ಮಲಗುತ್ತಾರೆಯೇ? ಹಾಗಿದ್ದರೆ ಅದನ್ನು ವೈದ್ಯರಿಗೆ ಮರೆಯದೆ ಹೇಳಿ.

ಬೈಪಾಸ್ ಆದ ಮೇಲೂ ಬೀಡಿ ಎಳೆದರೆ ಹೊಸ ನಾಳವೂ ಮುಚ್ಚುತ್ತದೆ. ವಾರ್ಡಿನ ಮೆಟ್ಟಿಲಲ್ಲಿ ಕೂತು ಹೊಲಿಗೆ ಬಿಚ್ಚುವ ಮೊದಲೇ ಬೀಡಿ ಹಚ್ಚಿದವರನ್ನು ನೋಡಿದ್ದೇನೆ, ಅವರಲ್ಲಿ ಕೆಲವರನ್ನು ಕಾಲು ತೆಗೆಯುವ ಮೇಜಿನ ಮೇಲೂ ನೋಡಿದ್ದೇನೆ. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿ, ಜೋಮು ಹಿಡಿದರೆ ಲೆಕ್ಕ ಗಂಟೆಗಳದ್ದು, ಸುಮಾರು ಆರು ಗಂಟೆ. ಒಬ್ಬರಿಗೆ ಮನೆಯವರು ವಾತ ಎಂದುಕೊಂಡು ರಾತ್ರಿಯಿಡೀ ಎಣ್ಣೆ ಹಚ್ಚಿ ತಿಕ್ಕಿ, ಮರುದಿನ ಮಧ್ಯಾಹ್ನ ಕರೆತಂದರು. ಆ ಹೊತ್ತಿಗೆ ಕಾಲು ಕೈಮೀರಿತ್ತು, ಫೊಗಾರ್ಟಿ ಹೊರಗೆ ತೆಗೆಯುವ ಪ್ರಮೇಯವೇ ಬರಲಿಲ್ಲ.

ಡಾಪ್ಲರ್ ವರದಿಯಲ್ಲಿ ಪಾಪ್ಲಿಟಿಯಲ್ (ಮಂಡಿಯ ಹಿಂದಿನ ನಾಳ), ಟಿಬಿಯಲ್ (ಮಂಡಿಯ ಕೆಳಗಿನ ನಾಳಗಳು) ಎಂಬ ಹೆಸರುಗಳ ಮುಂದೆ ಏನು ಬರೆದಿದೆ ಎಂಬುದನ್ನು ಹಾಗೆಯೇ ಇಲ್ಲಿ ಬರೆದು ಹಾಕಿ, ಪದಗಳ ಅರ್ಥ ಹೇಳುತ್ತೇನೆ. ಇನ್ನೊಂದು, ಪಾದ ತಣ್ಣಗಿದೆ ಎಂದು ಬಿಸಿನೀರಿನ ರಬ್ಬರ್ ಚೀಲ ಇಡುತ್ತಿದ್ದರೆ ಇವತ್ತೇ ನಿಲ್ಲಿಸಿ. ಸಕ್ಕರೆ ಕಾಯಿಲೆಯ ಕಾಲಿಗೆ ಸುಡುವುದು ತಿಳಿಯುವುದಿಲ್ಲ, ಬೊಬ್ಬೆ ಎದ್ದದ್ದು ಬೆಳಿಗ್ಗೆ ಕಾಣುತ್ತದೆ. ಹತ್ತಿಯ ಕಾಲುಚೀಲ ಸಾಕು.