ಆವಕಾಡೊ ಬಿಟ್ಟು ಹಕ್ಕರಿಕಿ ಸೊಪ್ಪಿಗೆ ಬಂದ ಟೀಚರ್: ಒಂದು ಆಪ್ತಸಲಹೆ ಪ್ರಕರಣ

ಹೆಸರು ಸುನಂದಾ ಎಂದಿಟ್ಟುಕೊಳ್ಳೋಣ. ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.

ಮೃಗಶಿರಾ ಮಳೆ ಹಿಡಿದ ವಾರ, ಊಟ ಮತ್ತು ಜೀವನಶೈಲಿಯ ಬಗ್ಗೆ ನಾನು ಆಪ್ತಸಲಹೆ ಕೊಡುವ ಧಾರವಾಡದ ಕೋಣೆಗೆ ಬಂದರು. 43 ವರ್ಷ, ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಒಂದು ಕೈಯಲ್ಲಿ ಒದ್ದೆ ಕೊಡೆ, ಇನ್ನೊಂದರಲ್ಲಿ ರಿಪೋರ್ಟಿನ ಫೈಲು. ಮಧ್ಯಾಹ್ನದ ಪಿರಿಯಡ್ಡಿನಲ್ಲಿ ಬೋರ್ಡಿನ ಮೇಲೆ ಬರೆಯಲು ಕೈಯೆತ್ತಿದರೆ ತೋಳು ಸೋಲುತ್ತದೆ, ರಾತ್ರಿ ನಿದ್ದೆ ಹತ್ತುವುದಿಲ್ಲ, ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗುತ್ತೇನೆ ಎಂದರು. ತೂಕ 71 ಕಿಲೋ. ಎರಡು ಮೂರು ತಿಂಗಳ ಸಕ್ಕರೆಯ ಸರಾಸರಿ ಹೇಳುವ ಎಚ್‌ಬಿಎ1ಸಿ 6.1. ಅದು 5.7ರಿಂದ 6.4ರೊಳಗಿದ್ದರೆ ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದಂತೆ. ಊಟ ಸುಧಾರಿಸಿಕೊಳ್ಳಿ ಎಂದು ಹೇಳಿ ವೈದ್ಯರು ಕಳಿಸಿದ್ದರು.

"ಊಟಾ ಎಲ್ಲಾ ಸುಧಾರ್ಸೇನ್ರಿ ಮೇಡಂ. ಇನ್ನೇನ್ ಸುಧಾರಸ್ಲಿ?" ಎಂದು ಮೊಬೈಲ್ ತೆಗೆದು ತೋರಿಸಿದರು. ನಿಜ, ಸುಧಾರಿಸಿದ್ದರು. ಬೆಳಿಗ್ಗೆ ನಿಂಬೆಹಣ್ಣು ಹಿಂಡಿದ ಗ್ರೀನ್ ಟೀ, ಓಟ್ಸ್, ಚಿಯಾ ಬೀಜ. ವಾರಕ್ಕೊಮ್ಮೆ ಹುಬ್ಬಳ್ಳಿಯ ಮಾಲಿನಿಂದ ಆವಕಾಡೊ. ಜೋಳದ ರೊಟ್ಟಿಯಲ್ಲಿ ಕಾರ್ಬ್ ಜಾಸ್ತಿ ಎಂದು ಯಾರೋ ವಿಡಿಯೊದಲ್ಲಿ ಹೇಳಿದ್ದರಿಂದ ರೊಟ್ಟಿ ಬಿಟ್ಟು ಎಂಟು ತಿಂಗಳಾಗಿತ್ತು.

ಇಲ್ಲಿ ನಾನೂ ಒಂದು ತಪ್ಪು ಮಾಡಿದೆ. ಆರು ಕಾಲಂಗಳ ಅಚ್ಚುಕಟ್ಟಾದ ಆಹಾರ ಪಟ್ಟಿಯೊಂದನ್ನು ಪ್ರಿಂಟ್ ತೆಗೆದು ಕೊಟ್ಟು ಕಳಿಸಿದೆ. ಮೊಬೈಲಿನ ಪಟ್ಟಿಯ ಜಾಗಕ್ಕೆ ನನ್ನ ಪಟ್ಟಿ ಬಂತು, ಅಷ್ಟೆ. ಒಂಬತ್ತು ದಿನ ಪಾಲಿಸಿದರಂತೆ. ಹತ್ತನೆಯ ದಿನ ಅತ್ತೆಗೊಂದು, ಗಂಡ ಮತ್ತು ಮಗನಿಗೊಂದು, ತನಗೊಂದು ಎಂದು ಮೂರು ಅಡುಗೆ ಮಾಡಿ ಮಾಡಿ ಸಾಕಾಗಿ, ಶಾಲೆಯಿಂದ ಬರುವಾಗ ಒಂದು ಪ್ಲೇಟ್ ಗಿರ್ಮಿಟ್, ಎರಡು ಮಿರ್ಚಿ ತಿಂದು ಮನೆಗೆ ಹೋದರಂತೆ. ಹೇಳುವಾಗ ತಪ್ಪು ಮಾಡಿ ಸಿಕ್ಕಿಬಿದ್ದ ಹುಡುಗಿಯ ಹಾಗೆ ಮುಖ ಮಾಡಿದ್ದರು.

ಎರಡನೆಯ ಸಲ ಬಂದಾಗ ಪಟ್ಟಿಯ ಮಾತೆತ್ತಲಿಲ್ಲ. ಫೈಲನ್ನು ಇನ್ನೊಮ್ಮೆ ತಿರುವಿದೆ. ಸಕ್ಕರೆಯ ಅಂಕಿಗೆ ಕೆಂಪು ಪೆನ್ನಿನ ಗುರುತಿತ್ತು. ಅದೇ ಹಾಳೆಯ ಕೆಳಗೆ ಹಿಮೋಗ್ಲೋಬಿನ್ 9.8 ಎಂದಿತ್ತು, ಅದಕ್ಕೆ ಯಾವ ಗುರುತೂ ಇರಲಿಲ್ಲ. ಹೆಂಗಸರಲ್ಲಿ 12ಕ್ಕಿಂತ ಕೆಳಗಿದ್ದರೆ ರಕ್ತಹೀನತೆ. ಮುಟ್ಟು ಎಷ್ಟು ದಿನ ಇರುತ್ತದೆ ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಂಟ್ ದಿನಾರಿ. ಎರಡ್ ವರ್ಷ ಆತು" ಎಂದರು. ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ಈ ವಯಸ್ಸಿಗೆ ಹಾಗೆಯೇ ಎಂದುಕೊಂಡಿದ್ದರಂತೆ.

ತೋಳು ಸೋಲುವುದಕ್ಕೆ ಕಾರಣ ಅಲ್ಲಿತ್ತು. ಇನ್ನೊಂದು ವಿಷಯವೂ ಇದೆ: ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆಯಾದವರಲ್ಲಿ ಎಚ್‌ಬಿಎ1ಸಿ ಇರಬೇಕಾದ್ದಕ್ಕಿಂತ ಹೆಚ್ಚು ತೋರಿಸಬಹುದು. ಆ 6.1 ಎಷ್ಟು ನಿಜ ಎಂಬುದೇ ಪ್ರಶ್ನೆ. ಚೀಟಿ ಬರೆದು ವೈದ್ಯರ ಬಳಿಗೇ ವಾಪಸ್ ಕಳಿಸಿದೆ. ಸ್ತ್ರೀರೋಗ ತಜ್ಞರು ಸ್ಕ್ಯಾನ್ ಮಾಡಿಸಿ ಚಿಕಿತ್ಸೆ ಶುರುಮಾಡಿದರು, ಕಬ್ಬಿಣದ ಮಾತ್ರೆ ಬರೆದರು. ಶುದ್ಧ ಸಸ್ಯಾಹಾರದ ಮನೆ, ಬಿ12 ಕೂಡ ಕಡಿಮೆ ಇತ್ತು, ಅದಕ್ಕೂ ಮಾತ್ರೆ. ಸಮಗ್ರ ಜೀವನಶೈಲಿ ಎಂದೊಡನೆ ಮಾತ್ರೆ ಬೇಡ, ಸೊಪ್ಪಿನಲ್ಲೇ ಎಲ್ಲ ಸರಿಹೋಗುತ್ತದೆ ಎಂದು ನಂಬುವವರು ನನ್ನ ಬಳಿ ಬಹಳ ಬರುತ್ತಾರೆ. 9.8ನ್ನು ಬರೀ ಸೊಪ್ಪಿನಿಂದ ಮೇಲೆತ್ತಲು ಹೊರಟರೆ ವರ್ಷ ಕಳೆದರೂ ಏರಲಿಕ್ಕಿಲ್ಲ, ಅದೂ ರಕ್ತ ಹೋಗುತ್ತಲೇ ಇರುವಾಗ.

ಮೂರನೆಯ ಸಲ ಬರುವಾಗ ಸಂತೆಯಿಂದ ನೇರವಾಗಿ ಚೀಲ ಹಿಡಿದೇ ಬನ್ನಿ ಎಂದಿದ್ದೆ. ಚೀಲವನ್ನು ನನ್ನ ಮೇಜಿನ ಮೇಲೆ ಸುರಿದರು. ಆಲೂಗಡ್ಡೆ, ಉಳ್ಳಾಗಡ್ಡಿ, ಟೊಮೆಟೊ, ಒಂದು ಹೂಕೋಸು, ಎರಡು ಕ್ಯಾಪ್ಸಿಕಂ. ನಾಲ್ಕು ಮಂದಿಗೆ ವಾರದ ತರಕಾರಿ ಅಷ್ಟೇ. ಹೈದರಾಬಾದಿನ ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ 2024ರಲ್ಲಿ ಹೊರತಂದ ಮಾರ್ಗಸೂಚಿಯ ಲೆಕ್ಕದಲ್ಲಿ, ದಿನಕ್ಕೆ 2000 ಕ್ಯಾಲರಿ ಉಣ್ಣುವವರಿಗೆ ತರಕಾರಿ, ಸೊಪ್ಪು ಎಲ್ಲ ಸೇರಿ 400 ಗ್ರಾಂ, ಹಣ್ಣು 100 ಗ್ರಾಂ, ಬೇಳೆಕಾಳು 85 ಗ್ರಾಂ ಬೇಕು. ಗಣಿತದ ಟೀಚರಿಗೆ ಭಾಗಾಕಾರ ಹೇಳಿಕೊಡಬೇಕಾಗಲಿಲ್ಲ. "ನಾಕ್ ಮಂದಿ, ಏಳ್ ದಿನ, ಹನ್ನೊಂದ್ ಕಿಲೋದ ಮ್ಯಾಲ ಆಕ್ಕತಲ್ರೀ!" ಎಂದು ತಾವೇ ಚೀಲ ನೋಡಿ ನಕ್ಕರು.

ಆಗ ಕೇಳಿದೆ: ನಿಮ್ಮ ಅತ್ತೆಯವರು ಈ ತಿಂಗಳಲ್ಲಿ ಏನು ಮಾಡುತ್ತಿದ್ದರು? ಉತ್ತರ ಗೊತ್ತಿರಲಿಲ್ಲ. ಮನೆಗೆ ಹೋಗಿ ಕೇಳಿಕೊಂಡು ಬರುವುದೇ ಆ ವಾರದ ಕೆಲಸ ಎಂದೆ.

74 ವರ್ಷದ ಅತ್ತೆ ಹೇಳಿದ್ದನ್ನು ಸುನಂದಾ ನೋಟ್‌ಬುಕ್ಕಿನಲ್ಲಿ ಬರೆದು ತಂದಿದ್ದರು. ಮಳೆಗಾಲದಲ್ಲಿ ಹಸಿ ಸೊಪ್ಪು ತಿನ್ನುವಂತಿಲ್ಲ, ರಾಡಿ ಇರುತ್ತದೆ, ಬೇಯಿಸಬೇಕು. ಹೀರೀಕಾಯಿ, ಮೊಳಕೆ ಬರಿಸಿ ಕುದಿಸಿದ ಮಡಕಿ ಕಾಳು, ಹೆಸರುಕಾಳು, ಪುಂಡಿ ಪಲ್ಯ, ಬಿಸಿ ಸಾರು. ಚಳಿಗಾಲಕ್ಕೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಮೆಂತ್ಯ, ಹಕ್ಕರಿಕಿ, ಮೂಲಂಗಿ, ಗುರೆಳ್ಳು ಚಟ್ನಿ. ಬೇಸಿಗೆಗೆ ನುಚ್ಚು, ಮಜ್ಜಿಗೆ, ಸೌತೀಕಾಯಿ. ಆಯುರ್ವೇದದ ಋತುಚರ್ಯೆಯೂ ಹೆಚ್ಚುಕಡಿಮೆ ಇದನ್ನೇ ಹೇಳುತ್ತದೆ: ವರ್ಷ ಋತುವಿನಲ್ಲಿ ಜಠರಾಗ್ನಿ ಮಂದ, ಹಗುರಾದ ಬಿಸಿ ಊಟ, ಹೇಮಂತದಲ್ಲಿ ಅಗ್ನಿ ಜೋರು, ಜಿಡ್ಡು ಮತ್ತು ಭಾರವಾದದ್ದೂ ಅರಗುತ್ತದೆ. ನಾನು ಇದನ್ನು ಪ್ರಯೋಗಾಲಯದ ನಿಯಮದಂತೆ ನೋಡುವುದಿಲ್ಲ. ಈ ಹವೆಯಲ್ಲಿ ಬದುಕಿದವರು ಕಂಡುಕೊಂಡ ಲೆಕ್ಕ ಎಂದು ನೋಡುತ್ತೇನೆ. ಅದಕ್ಕಿಂತ ಮುಖ್ಯವಾಗಿ, ಆಯಾ ಕಾಲಕ್ಕೆ ಬರುವ ಕಾಯಿಪಲ್ಯ ಅಗ್ಗ, ತಾಜಾ, ತಿಂಗಳು ತಿಂಗಳು ಬದಲಾಗುತ್ತದೆ. ತಟ್ಟೆಯಲ್ಲಿ ವೈವಿಧ್ಯ ತಾನಾಗಿ ಬರುತ್ತದೆ.

ಕೊಟ್ಟ ಸಲಹೆ ಹೆಚ್ಚೇನಿಲ್ಲ. ಮೂರು ಅಡುಗೆ ಬಂದ್, ಮನೆಗೆಲ್ಲ ಒಂದೇ. ರೊಟ್ಟಿ ವಾಪಸ್ ಬರಲಿ, ಆದರೆ ತಟ್ಟೆಯ ಅರ್ಧ ಪಲ್ಯ ಮತ್ತು ಕಾಳು. ಎರಡು ರೊಟ್ಟಿ ಉಂಡ ಮೇಲೆ ಮತ್ತೆ ಅನ್ನದ ರಾಶಿ ಬೇಡ. ಜೋಳವಾಗಲಿ ಸಜ್ಜೆಯಾಗಲಿ ಧಾನ್ಯವೇ, ಹಿಟ್ಟು ಸಕ್ಕರೆ ಏರಿಸುತ್ತದೆ. ಸಿರಿಧಾನ್ಯ ಎಂಬ ಹೆಸರಿನಿಂದ ಎಷ್ಟು ತಿಂದರೂ ನಡೆಯುತ್ತದೆ ಎಂದೇನಿಲ್ಲ. "ರೊಟ್ಟಿ ಬಡಿಯಾಕ ಟೈಮ್ ಎಲ್ಲೈತ್ರಿ" ಎಂದರು. ನಮ್ಮೂರಲ್ಲಿ ಅದೊಂದು ಸಮಸ್ಯೆಯೇ? ಓಣಿಗೊಬ್ಬರು ಕಡಕ್ ರೊಟ್ಟಿ ಮಾಡಿ ಮಾರುವ ಹೆಣ್ಣುಮಕ್ಕಳಿದ್ದಾರೆ. ಆವಕಾಡೊ ದುಡ್ಡಿನಲ್ಲಿ ವಾರದ ರೊಟ್ಟಿ ಬರುತ್ತದೆ.

ಚಹಾದ ವಿಷಯದಲ್ಲಿ ಮಾತ್ರ ಪಟ್ಟು ಹಿಡಿದೆ. ಊಟವಾದ ಕೂಡಲೇ ಸ್ಟಾಫ್‌ರೂಮಿನಲ್ಲಿ ಒಂದು ಕಪ್ ಖಡಕ್ ಚಹಾ ಅವರ ಅಭ್ಯಾಸ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೊದಲೇ ಮೈಗೆ ಹತ್ತುವುದು ಕಡಿಮೆ, ಚಹಾ ಅದನ್ನೂ ತಡೆಯುತ್ತದೆ. ನಿಂಬೆಹುಳಿ ಇದ್ದರೆ ಹೆಚ್ಚು ಹತ್ತುತ್ತದೆ. ನಿಂಬೆಹಣ್ಣನ್ನು ಗ್ರೀನ್ ಟೀಯಿಂದ ತೆಗೆದು ಪಲ್ಯದ ಮೇಲೆ ಹಿಂಡಿ, ಚಹಾ ಊಟಕ್ಕೂ ಮಾತ್ರೆಗೂ ಒಂದೆರಡು ತಾಸು ದೂರ ಇರಲಿ ಎಂದೆ.

ಇಷ್ಟೆಲ್ಲ ಆದರೂ ನಿಜವಾದ ಗಂಟು ಊಟದ ಹೊತ್ತಿನಲ್ಲಿತ್ತು. ಗಂಡ ಅಂಗಡಿ ಮುಚ್ಚಿ ಬರುವುದು ರಾತ್ರಿ ಹತ್ತೂಕಾಲಿಗೆ. ಅಲ್ಲಿಯವರೆಗೆ ಸುನಂದಾ ಕಾಯುವುದು, ಕಾಯುತ್ತಾ ಚುರುಮುರಿ, ಬಿಸ್ಕತ್ತು, ಮೊಬೈಲು. ಉಂಡು ಪಾತ್ರೆ ತೊಳೆದು ಮಲಗುವಾಗ ಹನ್ನೊಂದೂವರೆ. ನಿದ್ದೆ ಎಲ್ಲಿಂದ ಬರಬೇಕು? "ಅವರ್ನ ಬಿಟ್ ಹೆಂಗ್ ಉಣ್ಲಿರಿ, ಅತ್ತಿಯಾರ್ ಏನಂತಾರು" ಎಂದರು. ಅತ್ತೆಯನ್ನೇ ಒಮ್ಮೆ ಕರೆದುಕೊಂಡು ಬನ್ನಿ ಎಂದೆ.

ಬಂದರು. ಇಳಕಲ್ ಸೀರೆಯ ಸೆರಗು ಹೊದ್ದು ಕುರ್ಚಿಯ ತುದಿಯಲ್ಲಿ ಕೂತು ಎಲ್ಲ ಕೇಳಿಸಿಕೊಂಡರು. ಮುಟ್ಟಿನ ವಿಷಯ ಬಂದಾಗ ಸೊಸೆಯ ಕಡೆ ತಿರುಗಿ, "ಎರಡ್ ವರ್ಷ ನನಗ್ಯಾಕ ಹೇಳ್ಲಿಲ್ಲವಾ?" ಎಂದರು. ಆಮೇಲೆ ನನಗೆ: "ನಾ ಏಳೂವರಿಗೆ ಉಣ್ಣಾಕಿ, ಒಬ್ಬಾಕೀನ ಕುಂತು. ಇಕಿ ನನ್ ಕೂಡ ಉಣ್ಲಿ. ಅವಂಗ ಮುಚ್ಚಿಡ್ತೀವಿ, ಬಂದು ಹಾಕ್ಕೊಂಡು ಉಂತಾನ, ಕೈ ಇಲ್ಲೇನವಗ?" ನಾನು ಎರಡು ತಾಸು ಮಾತಾಡಿದ್ದರೂ ಆಗದ ಕೆಲಸ ಒಂದು ನಿಮಿಷದಲ್ಲಿ ಮುಗಿಯಿತು. ಉಂಡ ಮೇಲೆ ಇಬ್ಬರೂ ಅಡ್ಡಾಡುವುದು ಎಂದಾಯಿತು. ಜಿಟಿಜಿಟಿ ಮಳೆಯಿದ್ದರೆ ಪಡಸಾಲೆಯಲ್ಲೇ ಇಪ್ಪತ್ತು ನಿಮಿಷ.

ದಾರಿ ನೇರವಾಗಿರಲಿಲ್ಲ. ಶ್ರಾವಣ ಸೋಮವಾರದ ಉಪವಾಸದಲ್ಲಿ ಎರಡು ಹೊತ್ತು ಸಾಬುದಾಣಿ ಖಿಚಡಿ ತಿಂದು ಮಾರನೇ ದಿನ ತಲೆ ಸುತ್ತುತ್ತದೆ ಎಂದು ಫೋನ್ ಮಾಡಿದರು. ಸಾಬುದಾಣಿ ಎಂದರೆ ಬರೀ ಪಿಷ್ಟ. ಹಣ್ಣು, ಮೊಸರು, ಒಂದು ಹಿಡಿ ಶೇಂಗಾ ಸಾಕು, ದೇವರೇನೂ ಬೇಸರಪಡುವುದಿಲ್ಲ ಎಂದೆ. ದೀಪಾವಳಿಗೆ ಕರ್ಚಿಕಾಯಿ, ಶಂಕರಪಾಳಿ ಎಲ್ಲ ನಡೆದವು. ನಾನು ಕೇಳಲೂ ಇಲ್ಲ.

ಮೂರು ತಿಂಗಳಿಗೆ ಹಿಮೋಗ್ಲೋಬಿನ್ 11.4, ಜನವರಿಗೆ 12.3. ತೂಕ ಎರಡೂವರೆ ಕಿಲೋ ಇಳಿದಿತ್ತು. ಎಚ್‌ಬಿಎ1ಸಿ 5.8. ಇದರಲ್ಲಿ ಊಟದ ಪಾಲೆಷ್ಟು, ರಕ್ತ ಸುಧಾರಿಸಿದ್ದರ ಪಾಲೆಷ್ಟು ಎಂದು ಬೇರೆ ಮಾಡಿ ಹೇಳಲಾಗದು, ಅವರಿಗೂ ಹಾಗೆಯೇ ಹೇಳಿದೆ. ಆರು ತಿಂಗಳಿಗೆ ಮತ್ತೆ ಪರೀಕ್ಷೆ ಇದೆ.

ಸಂಕ್ರಾಂತಿಯ ಮರುದಿನ ಬಂದಾಗ ಚೀಲದಲ್ಲಿ ಹಕ್ಕರಿಕಿ, ಮೆಂತ್ಯ, ಹಸಿ ಕಡಲೆ ತುಂಬಿ ಹೊರಗೆ ಇಣುಕುತ್ತಿದ್ದವು. ಪೇಪರಿನ ಪೊಟ್ಟಣವೊಂದನ್ನು ಬಿಚ್ಚಿ ನನ್ನ ಮುಂದಿಟ್ಟರು, ಊರಿಂದ ಬಂದ ಸೀತನಿ, ಅಂದರೆ ಸುಟ್ಟ ಎಳೆ ಜೋಳದ ಕಾಳು, ಇನ್ನೂ ಸುಟ್ಟ ತೆನೆಯ ವಾಸನೆ ಇತ್ತು. "ತಿನ್ನಬೌದೇನ್ರಿ ಮೇಡಂ, ಸಕ್ರಿ ಏರೂದಿಲ್ಲೇನ್ರಿ?" ಎಂದರು. ತಿನ್ನಿ, ಒಂದು ಬೊಗಸೆ, ಅಂದಿನ ರೊಟ್ಟಿಯ ಬದಲು, ಬೆಲ್ಲ ಬಿಟ್ಟು ಶೇಂಗಾ ಚಟ್ನಿ ಜೊತೆ ಎಂದೆ. ಇಬ್ಬರೂ ತಿಂದೆವು.

ಗಂಡನ ಊಟ ಈಗಲೂ ಹತ್ತೂಕಾಲಿಗೇ. ಅವರು ಇನ್ನೂ ನನ್ನ ಬಳಿ ಬಂದಿಲ್ಲ.